ಕವಿತೆಯ ಕಪಾಟು

ದಾಕ್ಷಾಯಿಣಿಯ ಹತ್ತಿರ ಸ್ವಂತದ್ದೆನ್ನುವ ಒಂದು ಭೌತಶಾಸ್ತ್ರದ ಪುಸ್ತಕವೂ ಇರಲಿಲ್ಲ. ಸಿಇಟಿಗೆ ಹದಿನೈದು ದಿನ ಉಳಿದಿತ್ತು. ಹಳೆಯ ಪ್ರಶ್ನೆಗಳನ್ನೆಲ್ಲ ಬಿಡಿಸಿ ತೋರಿಸಿದ್ದ ದಪ್ಪ ಪುಸ್ತಕ ಹಾಸ್ಟೆಲ್ ಲೈಬ್ರರಿಯಲ್ಲಿದ್ದದ್ದು ಒಂದೇ, ಓದುವವರು ಅರವತ್ತು ಹುಡುಗಿಯರು, ಹೊರಗೆ ಒಯ್ಯುವಂತಿರಲಿಲ್ಲ. ಹಾಗಾಗಿ ಅವಳು ದಿನಾ ತನ್ನ ಓದು ಮುಗಿಸಿ, ಅದನ್ನು ಕವಿತೆಯ ಕಪಾಟಿನಲ್ಲಿ ಕೆಳಗಿನ ಸಾಲಿನ ಹಿಂದೆ ತುರುಕಿ ಬರುತ್ತಿದ್ದಳು. ಆ ಕಡೆ ಜಿರಲೆ ಕೂಡ ಹಾಯುತ್ತಿರಲಿಲ್ಲ.

"ಫಿಸಿಕ್ಸ್ ಬುಕ್ ನೋಡೀಯೇನ್ಲೇ?" ರೂಮಿನ ಗಂಗೂ ಕೇಳಿದಳು.

"ಕೆಮಿಸ್ಟ್ರಿ ಬುಕ್ಕೂ ವಾರದಿಂದ ಕಾಣವಲ್ತು. ಮೊದಲು ಅದು ಎಲ್ಲಿ ಹೋತು, ಹೇಳು."

ಗಂಗೂ ಊಟದ ಮಾತು ತೆಗೆದಳು.

ಒಂದು ಮುಂಜಾನೆ ಹೋಗಿ ನೋಡಿದರೆ ಕಪಾಟು ಖಾಲಿ.

"ಮೇಡಂ, ಇಲ್ಲಿದ್ದ ಕವಿತೆ ಪುಸ್ತಕ?"

"ನಿನ್ನೆ ಸಂಜಿಗೆ ಕಟ್ಟು ಕಟ್ಟಿ ರದ್ದಿಯವಗ ಹಾಕಿದೆ," ಎಂದರು ಲೈಬ್ರರಿಯ ಮೇಡಂ. "ಹತ್ತು ವರ್ಷದಾಗ ಒಬ್ಬಾಕಿನೂ ಕೈ ಹಚ್ಚಿಲ್ಲ. ನಿನಗ್ಯಾವಾಗಿಂದ ಕವಿತೆ ಹುಚ್ಚು?"

ಬಾಗಿಲಲ್ಲಿ ನಿಂತಿದ್ದ ಗಂಗೂ ತಲೆ ಮೇಲೆ ಕೈ ಹೊತ್ತು ಅಲ್ಲೇ ಕುಸಿದು ಕೂತಳು.

ರದ್ದಿಗೆ ಹೋದದ್ದು ಇನ್ನೂರ ಹತ್ತು ಕವನ ಸಂಕಲನ, ಒಂದು ಭೌತಶಾಸ್ತ್ರ, ಒಂದು ರಸಾಯನಶಾಸ್ತ್ರ.