ಗೆರೆಗೆ ಒಗ್ಗದ ದೇಶ

"ಆಸ್ಟ್ರೇಲಿಯಾ ಸಿಕ್ಕಿತು. ನಮ್ಮ ಟುವಾಲು ಎಲ್ಲಿ?" ಎಂದು ಇಂಗ್ಲಿಷಿನಲ್ಲಿ ಕೇಳಿದ ಸಹಪಾಠಿ ಲೋಸಾಳ ಬೆರಳು ಸುಪ್ರೀತಾಳ ಸ್ಪರ್ಧೆಯ ಪೋಸ್ಟರಿನ ಮೇಲೆ ಚುಕ್ಕಿಯಿಂದ ಚುಕ್ಕಿಗೆ ಅಲೆಯುತ್ತಿತ್ತು. ಒಂದೊಂದು ಚುಕ್ಕಿಯೂ ಒಂದು ದೇಶ. ಬಲಕ್ಕೆ ಹೋದಷ್ಟೂ ಆದಾಯ ಹೆಚ್ಚು, ಮೇಲಕ್ಕೆ ಹೋದಷ್ಟೂ ಹವಾಮಾನದ ಅಪಾಯ ಹೆಚ್ಚು. ತಾನು ಹುಟ್ಟಿದ ದ್ವೀಪದೇಶಕ್ಕೂ ಓದಲು ಬಂದ ಅಡಿಲೇಡ್ ಇರುವ ಈ ದೇಶಕ್ಕೂ ನಡುವಿನ ಅಂತರವನ್ನು ಗೇಣಿನಲ್ಲಿ ಅಳೆಯಬೇಕೆಂದು ಲೋಸಾ ಊಟ ಬಿಟ್ಟು ಬಂದಿದ್ದಳು.

ಮೊನ್ನೆಯವರೆಗೂ ಟುವಾಲು ಅಲ್ಲಿತ್ತು. ಉಳಿದ ದೇಶಗಳೆಲ್ಲ ಇಳಿಜಾರಿನ ಗೆರೆಗೆ ಅಂಟಿಕೊಂಡಿದ್ದರೆ ಅದೊಂದೇ ಬಹಳ ಮೇಲೆ ನಿಂತು ಗೆರೆಯನ್ನು ತನ್ನತ್ತ ಎಳೆಯುತ್ತಿತ್ತು. ಗೆರೆ ಅಚ್ಚುಕಟ್ಟಾಗಲೆಂದು, ಮುದ್ರಣಕ್ಕೆ ಕಳಿಸುವ ಮುನ್ನ ಸುಪ್ರೀತಾ ಅದನ್ನು ಅಳಿಸಿದ್ದಳು.

"ಡೇಟಾ ಸಿಗ್ಲಿಲ್ಲ ಅಂದ್ಬಿಡೇ," ಪಕ್ಕದ ಪೋಸ್ಟರಿನ ಮಿಥುನ್ ಕನ್ನಡದಲ್ಲಿ ಪಿಸುಗುಟ್ಟಿದ. "ಜಡ್ಜ್‌ಗಳು ಬಂದ್ರು. ನಿನ್ನ ಸಾಚಾತನ ಎಲ್ಲ ಆಮೇಲಿಟ್ಕೋ."

"ನಿಮ್ಮ ದೇಶದ ಅಂಕಿಅಂಶ ಸಿಗಲಿಲ್ಲ," ಎಂದಳು ಸುಪ್ರೀತಾ.

ಲೋಸಾಳ ಮುಖ ಪೆಚ್ಚಾಯಿತು. "ಕ್ಷಮಿಸು. ನಮ್ಮವರು ಯಾವುದನ್ನೂ ಸರಿಯಾಗಿ ಬರೆದಿಡುವುದಿಲ್ಲ. ಅಲ್ಲಿನ ಸರ್ಕಾರಿ ಕಚೇರಿಯಲ್ಲಿ ನನ್ನ ಚಿಕ್ಕಮ್ಮ ಇದ್ದಾಳೆ, ಕೇಳುತ್ತೇನೆ," ಎನ್ನುತ್ತಲೇ ಫೋನು ಕಿವಿಗಿಟ್ಟಳು. ಬೇಡವೆನ್ನಲು ಸುಪ್ರೀತಾ ಬಾಯಿ ತೆರೆಯುವಷ್ಟರಲ್ಲಿ ಆ ಕಡೆಯಿಂದ ಯಾರೋ ಮಾತಾಡಿದರು. ಲೋಸಾ ನಗುತ್ತ ತಿರುಗಿದಳು: "ಕಡತ ಹುಡುಕುತ್ತಿದ್ದಾಳೆ. ಯಾವ ವರ್ಷದ್ದು ಬೇಕಂತೆ?"

"ಎರಡು ಸಾವಿರದ ಹದಿಮೂರು," ಎಂದ ಸುಪ್ರೀತಾ, ತನಗೆ ಬಾಯಿಪಾಠವಾಗಿದ್ದ ಆ ಅಂಕಿಗಳನ್ನು ಬರೆದುಕೊಳ್ಳಲು ಪೆನ್ನಿನ ಮುಚ್ಚಳ ತೆಗೆದಳು.