ಲಾಯರಕ್ಕನ ಕಾವಲು

"ಆ ಸಿಸ್ಟರ್ ಕೈಗೆ ಸಿಕ್ಕಿದ್ರೆ ನನ್ನ ತಮ್ಮ ಬದುಕಲ್ಲ ಡಾಕ್ಟ್ರೇ. ಮೊದಲು ಅವಳನ್ನ ಇಲ್ಲಿಂದ ಎತ್ತಂಗಡಿ ಮಾಡಿ."

ದೊಡ್ಡ ಡಾಕ್ಟರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎದುರು ನಿಂತವಳನ್ನು ಇಡೀ ವಾರ್ಡು ಲಾಯರಕ್ಕ ಎಂದು ಕರೆಯುತ್ತಿತ್ತು. ಕರಿ ಕೋಟು ತೊಟ್ಟವಳೇನಲ್ಲ, ಮನೆಯಲ್ಲೇ ಬಟ್ಟೆ ಹೊಲಿಯುವವಳು. ಆದರೆ ತಮ್ಮನ ವಿಷಯಕ್ಕೆ ಬಂದರೆ ಎದುರಿಗಿರುವವರು ಡಾಕ್ಟರೋ ಕಾವಲುಗಾರನೋ ನೋಡುತ್ತಿರಲಿಲ್ಲ. ಒಂದೇ ಸಮ ಜಾಡಿಸುತ್ತಿದ್ದಳು.

ತಮ್ಮನಿಗೆ ತಲೆಗೂದಲು ನರೆತಿತ್ತು, ಬುದ್ಧಿ ಮಾತ್ರ ಪುಟ್ಟ ಮಗುವಿನದು. ಶಾಲೆಯವರು ಹೊರಗೆ ಹಾಕಿದ್ದರು. ನೆಂಟರು ಮದುವೆಮನೆಗೆ ಕರೆಯುತ್ತಿರಲಿಲ್ಲ. ಚರ್ಚಿನಲ್ಲಿ ಮಾತ್ರ ಅವನು ಎಲ್ಲರ ಜೊತೆ ಕೈಮುಗಿದು ಸಾಲಿನಲ್ಲಿ ನಿಲ್ಲುತ್ತಿದ್ದ. ಅಲ್ಲಿ ಯಾರೂ ಅವನನ್ನು ಹಿಂದಕ್ಕೆ ತಳ್ಳಿದವರಿಲ್ಲ. ಈಗ ಪಾರ್ಶ್ವವಾಯು ಹೊಡೆದು ಮಾತು ಬಿದ್ದುಹೋಗಿತ್ತು. ನುಂಗುವ ಶಕ್ತಿಯೂ ಇರಲಿಲ್ಲ. ಬಾಯಿಗೆ ಏನೇ ಹೋದರೂ ಗಂಟಲಲ್ಲಿ ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿದು ಜ್ವರ ತರುತ್ತದೆ ಎಂದು ಡಾಕ್ಟರ್ ಬಿಡಿಸಿ ಹೇಳಿದ್ದರು. ಆಹಾರವೆಲ್ಲ ಮೂಗಿನ ಕೊಳವೆಯಿಂದ.

ಆ ಕಟ್ಟಳೆ ಕಾಯುವುದರಲ್ಲಿ ಲಾಯರಕ್ಕನನ್ನು ಮೀರಿಸುವವರಿರಲಿಲ್ಲ. ಪಕ್ಕದ ಹಾಸಿಗೆಯ ಮುದುಕಿ ಪಾಪ ಅಂದುಕೊಂಡು ಬಿಸ್ಕತ್ತು ಚಾಚಿದಾಗ ಆಕೆಯ ಏಳು ಜನ್ಮ ಜಾಲಾಡಿದ್ದಳು. ಕಸ ಗುಡಿಸುವವಳು ಒಣಗಿದ ತುಟಿಗೆ ಒಂದು ಚಮಚ ನೀರು ತಂದರೆ ಚಮಚವನ್ನೇ ಕಿತ್ತೆಸೆದಿದ್ದಳು. ಆದರೂ ಜ್ವರ ಬಿಡುತ್ತಿರಲಿಲ್ಲ. ಇಳಿಯುತ್ತಿತ್ತು, ಭಾನುವಾರ ಕಳೆದರೆ ಮತ್ತೆ ಏರುತ್ತಿತ್ತು. ಭಾನುವಾರದ ಪಾಳಿ ಗಂಟುಮೋರೆ ಸಿಸ್ಟರದ್ದು. ಇನ್ನೇನು ಬೇಕು? ಲಾಯರಕ್ಕ ಎರಡಕ್ಕೆರಡು ಕೂಡಿಸಿಬಿಟ್ಟಿದ್ದಳು.

ಗಂಟುಮೋರೆಗೂ ಅವಳಿಗೂ ಮೊದಲಿನಿಂದಲೇ ಎಣ್ಣೆ ಸೀಗೆಕಾಯಿ. ಭಾನುವಾರ ಲಾಯರಕ್ಕ ಚರ್ಚಿನಲ್ಲಿ ಬಲಿಪೂಜೆ ಮುಗಿಸಿ, ಎದೆಗೆ ಕೈಯೊತ್ತಿಕೊಂಡು, ಯಾರು ಮಾತಾಡಿಸಿದರೂ ಓಗೊಡದೆ ನೇರ ತಮ್ಮನ ಬಳಿ ಬರುತ್ತಿದ್ದಳು. ಅಕ್ಕನನ್ನು ಕಂಡು ಅವನು ಬಾಯಿ ತೆರೆಯುತ್ತಿದ್ದ. ನಗುವುದಕ್ಕೆ ಒದ್ದಾಡುತ್ತಿದ್ದಾನೆ ಎಂದು ಅಕ್ಕಪಕ್ಕದವರು ಕಣ್ಣೊರೆಸಿಕೊಳ್ಳುತ್ತಿದ್ದರು. ಅವಳು ಪರದೆ ಎಳೆದು ಪ್ರಾರ್ಥನೆಗೆ ನಿಲ್ಲುತ್ತಿದ್ದಳು. ಮರುಕ್ಷಣವೇ ಗಂಟುಮೋರೆ ಹಾಜರು.

"ಪರದೆ ತೆಗೀರಿ. ಪೇಶೆಂಟ್ ನನ್ನ ಕಣ್ಣಿಗೆ ಕಾಣ್ತಿರಬೇಕು."

"ದೇವರ ಹತ್ರ ಮಾತಾಡೋದಕ್ಕೂ ನಿಮ್ಮ ಅಪ್ಪಣೆ ಬೇಕಾ?"

"ಎಷ್ಟು ಬೇಕಾದ್ರೂ ಮಾತಾಡಿ ಅಕ್ಕ. ಅದಕ್ಕೆ ಪರದೆ ಯಾಕೆ?"

ತಮ್ಮ ಕೆಮ್ಮುತ್ತಿದ್ದ. ಅವನ ಕಣ್ಣಲ್ಲಿ ನೀರಾಡುತ್ತಿತ್ತು. ಪ್ರಾರ್ಥನೆ ಮನಸ್ಸಿಗೆ ತಟ್ಟಿದೆ ಎಂದು ಲಾಯರಕ್ಕ ಅವನ ಹಣೆಗೆ ಶಿಲುಬೆಯ ಗುರುತು ಹಾಕುತ್ತಿದ್ದಳು. ಈ ಕಲ್ಲೆದೆಯವಳಿಗೆ ಅದೆಲ್ಲ ಎಲ್ಲಿ ಅರ್ಥವಾಗಬೇಕು!

ಈಗ ಡಾಕ್ಟರ್ ತಗ್ಗಿದ ದನಿಯಲ್ಲಿ ಕೇಳಿದರು. "ಬೇಜಾರು ಮಾಡ್ಕೋಬೇಡಿ. ನೀವೇನಾದ್ರೂ ಅವನಿಗೆ ತಿನ್ನಿಸಿದ್ರಾ?"

"ಯೇಸುಸ್ವಾಮಿ ಸಾಕ್ಷಿ. ಅವನ ಬಾಯಿಗೆ ಊಟ ತಿಂಡಿ ಮುಟ್ಟಿಸಿದ್ರೆ ನನ್ನ ಕೈ ಸೇದುಹೋಗ್ಲಿ."

ಅವಳ ಕಣ್ಣಲ್ಲಿ ಕಪಟವಿರಲಿಲ್ಲ. ಡಾಕ್ಟರಿಗೆ ಜನರ ಸುಳ್ಳು ಗೊತ್ತಾಗುತ್ತಿತ್ತು. ಇವಳು ಸುಳ್ಳು ಹೇಳುತ್ತಿರಲಿಲ್ಲ.

"ನೋಡಿ, ಇನ್ನೊಂದು ಸಲ ಹೀಗಾದ್ರೆ ಅವನು ತಡ್ಕೊಳ್ಳಲ್ಲ."

"ಅದಕ್ಕೇ ಹೇಳ್ತಿರೋದು. ಅವಳನ್ನ ಕಳಿಸಿ. ಇಲ್ಲಾಂದ್ರೆ ಈ ಬಾಗಿಲಲ್ಲೇ ಕೂತ್ಕೋತೀನಿ."

ಗಂಟುಮೋರೆಯನ್ನು ಪಕ್ಕದ ವಾರ್ಡಿಗೆ ಹಾಕಿದರು. ಹೋಗುವಾಗ ಅವಳು ತಮ್ಮನ ತಲೆದಿಂಬು ಸರಿಮಾಡಿದಳು. ಲಾಯರಕ್ಕ ಅದನ್ನು ಕೊಡವಿ, ತಿರುವಿ ಹಾಕಿದಳು. ಆ ಸಂಜೆ ಅವಳು ಮೊಣಕಾಲೂರಿ ದೇವರಿಗೆ ಸ್ತೋತ್ರ ಹೇಳಿದಳು. ದಿಕ್ಕಿಲ್ಲದವನ ಪರ ಬಾಯಿ ತೆರೆಯುವ ಧೈರ್ಯ ಕೊಟ್ಟವನು ಅವನೇ ಅಲ್ಲವೆ?

ಹೊಸ ಸಿಸ್ಟರ್ ಬೆಣ್ಣೆಯಂಥವಳು. ವಾರವಿಡೀ ಜ್ವರ ಇಳಿಮುಖವಾಗಿತ್ತು. ನೋಡಿದಿರಾ, ಎಂದು ಲಾಯರಕ್ಕ ವಾರ್ಡಿಗೆಲ್ಲ ಹೇಳಿಕೊಂಡು ಬಂದಳು. ಭಾನುವಾರ ಅವಳು ಚರ್ಚಿನಿಂದ ಬರುತ್ತಿದ್ದಂತೆ ಹೊಸ ಸಿಸ್ಟರ್ ತಾನೇ ಪರದೆ ಎಳೆದುಕೊಟ್ಟು, "ನಿಧಾನವಾಗಿ ಪ್ರಾರ್ಥನೆ ಮಾಡಿ ಅಕ್ಕ" ಎಂದು ದೂರ ಹೋದಳು.

ನಿಧಾನವಾಗಿಯೇ ಮಾಡಿದಳು. ಕೆಮ್ಮು ಶುರುವಾಯಿತು, ಆಮೇಲೆ ನಿಂತಿತು. ಅವಳು ಕಣ್ಣು ಬಿಡುವಷ್ಟರಲ್ಲಿ ತಮ್ಮನ ಮುಖ ನೀಲಿಗಟ್ಟಿತ್ತು.

ಅವಳ ಚೀರಾಟಕ್ಕೆ ಪಕ್ಕದ ವಾರ್ಡಿನಿಂದ ಮೊದಲು ಓಡಿಬಂದವಳು ಗಂಟುಮೋರೆ. ಪರದೆಯನ್ನು ಕಿತ್ತೇ ಬಿಟ್ಟಳು. ಗಂಟಲಿಗೆ ಕೊಳವೆ ಇಳಿಸಿದಳು. ಡಾಕ್ಟರ್ ಬಂದರು, ಎದೆ ಒತ್ತಿದರು, ಮತ್ತೆ ಒತ್ತಿದರು. ಕೊನೆಗೆ ಕೈ ಬಿಟ್ಟರು.

ಗಂಟುಮೋರೆಯ ಇಕ್ಕಳದ ತುದಿಯಲ್ಲಿ, ಗಂಟಲಿನಿಂದ ತೆಗೆದ ಚೂರೊಂದು ಅಂಟಿತ್ತು. ತೆಳ್ಳಗೆ, ಬೆಳ್ಳಗೆ, ನೆನೆದು ಅರ್ಧ ಕರಗಿತ್ತು.

"ಯಾರು ತಿನ್ನಿಸಿದ್ದು ಇದನ್ನ?" ಡಾಕ್ಟರ್ ಗುಡುಗಿದರು.

"ನಾನಲ್ಲ ಸರ್, ನಾನು ಹತ್ತಿರಕ್ಕೂ ಹೋಗಿಲ್ಲ," ಹೊಸ ಸಿಸ್ಟರ್ ಅಳತೊಡಗಿದಳು.

ಗಂಟುಮೋರೆ ಇಕ್ಕಳವನ್ನು ಕಸದ ಬುಟ್ಟಿಯತ್ತ ತಿರುಗಿಸಿದಳು. ಲಾಯರಕ್ಕ ಧಡಕ್ಕನೆ ಮೊಣಕಾಲೂರಿ, ಎರಡೂ ಅಂಗೈ ಸೇರಿಸಿ ಅವಳ ಮುಂದೆ ಹಿಡಿದಳು.

"ಎಸೀಬೇಡಿ ಸಿಸ್ಟರ್, ದಮ್ಮಯ್ಯ, ಅದು ತಿಂಡಿಯಲ್ಲ, ಪೂಜೆಯಲ್ಲಿ ಕೊಟ್ಟ ಪ್ರಸಾದ, ಕ್ರಿಸ್ತರ ಶರೀರ; ಪ್ರತಿ ಭಾನುವಾರ ಅವನ ನಾಲಿಗೆ ಮೇಲೆ ನಾನೇ ಇಡ್ತಿದ್ದೆ."