ಯಾರು ಮೊದಲು ಏಳ್ತಾರೆ

ಮೊಮ್ಮಗನನ್ನು ತನ್ನೂರಿಗೆ ಕರೆದುಕೊಂಡು ಹೋಗಲೆಂದೇ ಪುಟ್ಟಗೌರಮ್ಮ ಬಂದಿದ್ದಳು. ಸೊಸೆಗೆ ಹುಟ್ಟಿನಿಂದ ಕಿವಿ ಕೇಳದು. ಮೂರು ತಿಂಗಳ ಕೂಸು ಅತ್ತರೆ ಗೊತ್ತಾಗುವುದು ಹೇಗೆ?

"ಅದಕ್ಕೇ ಇದು," ಎನ್ನುತ್ತ ಆಸ್ಪತ್ರೆಯಿಂದ ಬಂದ ಹುಡುಗಿ ಸೊಸೆಯ ಕೈಗೆ ವಾಚಿನಂಥ ಪಟ್ಟಿಯೊಂದನ್ನು ಕಟ್ಟಿದಳು. "ತೊಟ್ಟಿಲ ಹತ್ತಿರ ಇದರ ಜೋಡಿ ಇಟ್ಟಿದ್ದೀನಿ. ಮಗು ಅತ್ತರೆ ಇದು ಅದುರುತ್ತೆ."

"ಗಟ್ಟಿಯಾಗಿ ಹೇಳಮ್ಮ. ಈಗಿನವರೆಲ್ಲ ಬಾಯೊಳಗೇ ಮಾತಾಡ್ತೀರಿ."

ಹುಡುಗಿ ಗಟ್ಟಿಯಾಗಿ ಹೇಳಿದಳು. ಪುಟ್ಟಗೌರಮ್ಮ ಮೂತಿ ತಿರುವಿದಳು. "ಕೈಗೆ ಯಂತ್ರ ಕಟ್ಕೊಂಡು ಯಾರಾದ್ರೂ ಮಗು ಸಾಕ್ತಾರಾ?"

"ಒಂದು ಸಲ ನೋಡೋಣ ಅಮ್ಮ," ಮಗ ಎಂದಿನಂತೆ ಜೋರಾಗಿಯೇ ಅಂಗಲಾಚಿದ.

"ಆಯ್ತು. ಕೂಸು ಒಳಗೆ ಮಲಗಿದೆ. ಅವಳೂ ನಾನೂ ಇಲ್ಲೇ ಕೂತಿರ್ತೀವಿ. ಅದು ಅತ್ತಾಗ ಯಾರು ಮೊದಲು ಏಳ್ತಾರೋ ನೋಡು. ನಾನು ಎದ್ದರೆ ಕೂಸು ನನ್ನ ಜೊತೆ ಬರುತ್ತೆ."

ಮಗ ಕೈಸನ್ನೆಯಲ್ಲಿ ಹೆಂಡತಿಗೆ ತಿಳಿಸಿದ. ಅವಳ ಮುಖ ಬಿಳಿಚಿಕೊಂಡಿತು. ಆದರೂ ತಲೆಯಾಡಿಸಿದಳು.

ಪುಟ್ಟಗೌರಮ್ಮ ಸೆರಗು ಸಿಕ್ಕಿಸಿಕೊಂಡು ಕುರ್ಚಿಯ ಅಂಚಿಗೆ ಸರಿದು ಕೂತಳು. ಮನೆಯೆಲ್ಲ ನಿಶ್ಶಬ್ದ.

ಇದ್ದಕ್ಕಿದ್ದಂತೆ ಸೊಸೆ ದಡಕ್ಕನೆ ಎದ್ದು ಒಳಗೋಡಿದಳು.

"ನೋಡಿದ್ಯಾ!" ಪುಟ್ಟಗೌರಮ್ಮ ಚಪ್ಪಾಳೆ ತಟ್ಟಿದಳು. "ಮಲಗಿರೋ ಕೂಸನ್ನ ಎಬ್ಬಿಸೋಕೆ ಹೋದಳು. ಇದೇ ನಿಮ್ಮ ಯಂತ್ರ!"

ಮಗ ತಾಯಿಯನ್ನೇ ದಿಟ್ಟಿಸುತ್ತಿದ್ದ.

ಸೊಸೆ ಕೂಸನ್ನು ಎದೆಗವಚಿಕೊಂಡು ಹೊರಬಂದಳು. ಬಾಯಿ ಅಗಲಿಸಿದ್ದ ಅದರ ಮುಖ ಕೆಂಪಗಾಗಿತ್ತು. ತೀರಾ ಹತ್ತಿರ ಬಂದಮೇಲೆಯೇ ಪುಟ್ಟಗೌರಮ್ಮನಿಗೆ ಅದರ ಅಳು ಕೇಳಿಸಿದ್ದು.